ಕಾರಿನ ಏಸಿ ಗ್ಯಾಸ್ ಎಲ್ಲಿಗೆ ಹೋಗುತ್ತದೆ?

ಏಪ್ರಿಲ್ ಬಂತೆಂದರೆ ಚೆನ್ನೈ, ಹೈದರಾಬಾದ್, ದೆಹಲಿಯ ಕಾರಿನವರ ಬಾಯಲ್ಲಿ ಒಂದೇ ಮಾತು: "ಏಸಿ ತಂಪಾಗ್ತಿಲ್ಲ, ಗ್ಯಾಸ್ ಹಾಕಿಸ್ಬೇಕು." ಅದೇನು, ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವೇ? ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಕಾರ್ಖಾನೆಯಲ್ಲೇ ಏಸಿ ಕೂಡಿಸಿ ಮಾರಿದ ಮೊದಲ ಕಾರು ಅಮೆರಿಕದ ಪ್ಯಾಕಾರ್ಡ್. 1939ರಲ್ಲಿ ಅದನ್ನು ಜನರಿಗೆ ತೋರಿಸಿದರು. ತಂಪು ಮಾಡುವ ಯಂತ್ರ ಡಿಕ್ಕಿಯ ದೊಡ್ಡ ಭಾಗವನ್ನೇ ನುಂಗುತ್ತಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಹಾಗಾಗಿ ಅದನ್ನು ಪೂರ್ತಿ ನಿಲ್ಲಿಸಬೇಕೆಂದರೆ ಇಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನು ಕೈಯಾರೆ ಕಳಚಬೇಕು! ಅಷ್ಟು ದುಡ್ಡು ಕೊಟ್ಟವರು ಆ ಕೆಲಸವನ್ನು ಡ್ರೈವರಿಗೇ ಬಿಟ್ಟಿರಬೇಕು ಬಿಡಿ. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಒಳಗಿದ್ದದ್ದು ಫ್ರಿಯಾನ್, ಅಂದರೆ ಆರ್-12. 1928ರಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಸಂಗಡಿಗರು ಕಂಡುಕೊಂಡದ್ದು. ಆಗಿನ ಫ್ರಿಜ್‌ಗಳಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಸೋರಿದರೆ ಉಸಿರು ಕಟ್ಟುತ್ತಿತ್ತು. ಇದು ಉರಿಯುವುದೂ ಇಲ್ಲ, ವಿಷವೂ ಅಲ್ಲ. ಅಮೆರಿಕದ ಅಂಗಡಿಗಳಲ್ಲಿ ಸಣ್ಣ ಡಬ್ಬಿಗಳಲ್ಲೇ ಸಿಗುತ್ತಿತ್ತು. ಮನೆ ಮುಂದೆ ಕಾರು ನಿಲ್ಲಿಸಿ ಯಾರು ಬೇಕಾದರೂ ತುಂಬಿಕೊಳ್ಳಬಹುದಿತ್ತು. ಸೋರಿತೇ? ಇನ್ನೊಂದು ಡಬ್ಬಿ ತಂದರಾಯಿತು.

1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಈ ಜಾತಿಯ ಅನಿಲಗಳು ಮೇಲೇರಿ ಓಜೋನ್ ಪದರವನ್ನು ತಿನ್ನುತ್ತವೆ ಎಂದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ತೂತು ಬಿದ್ದ ವರದಿ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ. 1992ರಲ್ಲಿ ಭಾರತವೂ ಸೇರಿತು. ಅದೇ ವರ್ಷ ಅಮೆರಿಕದಲ್ಲಿ ಆರ್-12ರ ಸಣ್ಣ ಡಬ್ಬಿ ತರಬೇತಿ ಪಡೆದ ಮೆಕ್ಯಾನಿಕ್‌ಗಳಿಗೆ ಮಾತ್ರ ಎಂದಾಯಿತು. ಕಾರುಗಳಿಗೆ ಆರ್-134ಎ ಬಂತು. ಇದು ಓಜೋನಿಗೆ ಕೈ ಹಚ್ಚುವುದಿಲ್ಲ, ನಿಜ. ಆದರೆ ಒಂದು ಕಿಲೋ ಸೋರಿದರೆ ನೂರು ವರ್ಷಗಳಲ್ಲಿ ಭೂಮಿಗೆ ತಟ್ಟುವ ಬಿಸಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ಈಗ ನಮ್ಮ ಪ್ರಶ್ನೆ. ಗ್ಯಾಸ್ ಖರ್ಚಾಗುವುದಿಲ್ಲ, ಮುಚ್ಚಿದ ಪೈಪುಗಳಲ್ಲಿ ಅದೇ ಸುತ್ತುತ್ತಿರುತ್ತದೆ. ಪ್ರತಿ ಬೇಸಿಗೆಗೂ ತುಂಬಿಸುತ್ತಿದ್ದೀರಿ ಎಂದರೆ ಎಲ್ಲೋ ಲೀಕ್ ಇದೆ, ಹಳೆಯದು ಗಾಳಿಗೆ ಹೋಗಿದೆ.

ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಕ್ಯಾಬಿನ್ ಫಿಲ್ಟರ್ ತೆಗೆದು ಧೂಳು ಕೊಡವಿ, ತೀರಾ ಕೊಳೆಯಾಗಿದ್ದರೆ ಬದಲಿಸಿ. ಇಂಜಿನ್ ತಣ್ಣಗಿರುವಾಗ ಮುಂದಿನ ಕಂಡೆನ್ಸರಿನ ಕಸವನ್ನು ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಪೈಪಿನ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಕಂಡರೆ ಲೀಕ್ ಅಲ್ಲೇ ಇರಬಹುದು. ಪೈಪು ಮಾತ್ರ ಬಿಚ್ಚಬೇಡಿ. ಒತ್ತಡದಲ್ಲಿರುವ ಗ್ಯಾಸ್ ಕಣ್ಣಿಗೋ ಚರ್ಮಕ್ಕೋ ಚಿಮ್ಮಿದರೆ ಹೆಪ್ಪುಗಟ್ಟಿಸಿಬಿಡುತ್ತದೆ. ಮೊದಲು ಲೀಕ್ ಹುಡುಕಿ ಮುಚ್ಚಿ, ಆಮೇಲೆ ತೂಕ ಮಾಡಿ ಗ್ಯಾಸ್ ಹಾಕುವವರ ಹತ್ತಿರ ಹೋಗಿ. ಎಷ್ಟು ಗ್ರಾಂ ಬೇಕೆಂಬುದು ಸಾಮಾನ್ಯವಾಗಿ ಬಾನೆಟ್ ಕೆಳಗಿನ ಚೀಟಿಯಲ್ಲೇ ಬರೆದಿರುತ್ತದೆ.