ಕೈತೋಟಕ್ಕೆ ಅಡುಗೆಮನೆ ಸಿಕ್ಕ ಬಗೆ

ಸರ್ಕಾರಿ ಶಾಲೆಯ ಆವರಣದಲ್ಲಿ ಸೊಪ್ಪು, ತರಕಾರಿ ಬೆಳೆಸುವುದು ಈಚಿನ ಆಲೋಚನೆಯಲ್ಲ. ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳ ಮಾರ್ಗಸೂಚಿ ಹೊರಡಿಸಿದ್ದು 2019ರಲ್ಲಿ. ಆದರೆ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲೇ ಅದರ ಬೇರಿದೆ. ಆ ಯೋಜನೆಯ ಪಠ್ಯಕ್ರಮ ರೂಪಿಸಿದ ಜಾಕಿರ್ ಹುಸೇನ್ ಸಮಿತಿ ನೂಲುವಿಕೆ, ನೇಯ್ಗೆ, ಮರಗೆಲಸಗಳ ಜೊತೆಗೆ ಬೇಸಾಯವನ್ನೂ ಹಣ್ಣು-ತರಕಾರಿ ತೋಟಗಾರಿಕೆಯನ್ನೂ ಕಲಿಕೆಯ ಕಸುಬುಗಳೆಂದು ಎಣಿಸಿತು. ಕೈಕೆಲಸದ ಮೂಲಕ ಗಣಿತ, ವಿಜ್ಞಾನ ಕಲಿಯಬೇಕೆಂಬುದು ಅದರ ತಿರುಳು. ಆದರೆ ಮಕ್ಕಳ ದುಡಿಮೆಯ ಉತ್ಪನ್ನದಿಂದಲೇ ಶಾಲೆಯ ಖರ್ಚು ಹುಟ್ಟಬೇಕೆಂಬ ನಿರೀಕ್ಷೆಯೂ ಇತ್ತು. ಹಾಗಾದಾಗ ಬೆಳೆಯನ್ನು ಅಳೆಯುವುದು ಮಾರುಕಟ್ಟೆಯ ಬೆಲೆಯಿಂದ. ಅದು ಮಗುವಿನ ಹೊಟ್ಟೆಗೆ ಸೇರಿತೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ಅನ್ವಯಿಕ ಪೌಷ್ಟಿಕತಾ ಕಾರ್ಯಕ್ರಮ. ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಆಹಾರ, ಆರೋಗ್ಯ ಸಂಸ್ಥೆಗಳ ನೆರವಿನಿಂದ ಒಡಿಶಾದಲ್ಲಿ ಆರಂಭವಾದ ಅದು 1960ರ ದಶಕದಲ್ಲಿ ಇತರ ರಾಜ್ಯಗಳಿಗೂ ಹಬ್ಬಿತು. ಶಾಲೆಯ ತೋಟ, ಕೋಳಿ, ಮೀನುಕೆರೆ ಎಲ್ಲವೂ ಅದರಲ್ಲಿದ್ದವು. ಆದರೂ ಬೆಳೆದದ್ದನ್ನು ತಾಯಂದಿರೂ ಮಕ್ಕಳೂ ತಿನ್ನುವಂತೆ ಮಾಡುವುದರಲ್ಲಿ ಅದು ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ತಮಿಳುನಾಡಿನಂಥ ಕೆಲವು ಕಡೆ ಬಿಟ್ಟರೆ ಬಹುತೇಕ ಹಳ್ಳಿಶಾಲೆಗಳಲ್ಲಿ ದಿನವೂ ಒಲೆ ಹೊತ್ತುತ್ತಿರಲಿಲ್ಲ. ಕಿತ್ತ ಸೊಪ್ಪನ್ನು ಬೇಯಿಸಿ ಬಡಿಸಲು ಅಡುಗೆಮನೆಯೇ ಇರಲಿಲ್ಲ.

ಅಡುಗೆಮನೆ ಬಂದದ್ದು ಹೊಸ ಶತಮಾನದಲ್ಲಿ. ಶಾಲಾಮಕ್ಕಳ ಊಟಕ್ಕೆಂದು ಬಂದ 1995ರ ರಾಷ್ಟ್ರೀಯ ಯೋಜನೆ ಹಲವು ರಾಜ್ಯಗಳಲ್ಲಿ ಮನೆಗೊಯ್ಯುವ ಧಾನ್ಯವಾಗಿಯೇ ಉಳಿದಿದ್ದಾಗ, ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಮೊದಲಾಯಿತು. ಆಗ ಕೈತೋಟಕ್ಕೆ ದಿನನಿತ್ಯದ ಗಿರಾಕಿ ಸಿಕ್ಕಿದಂತಾಯಿತು. ಬಿಸಿಯೂಟದ ನಿಯಮದಂತೆ ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಬೇಕು. ನೂರು ಮಕ್ಕಳಿಗೆ 5 ಕಿಲೋ. ಅಷ್ಟನ್ನೂ ನಾಲ್ಕು ಮಡಿ ನೆಲ ಕೊಡಲಾರದು, ಇದು ಸರಿಯಾದ ಆಕ್ಷೇಪವೇ. ಆದರೆ ಸಂತೆಯಿಂದ ವಾರಕ್ಕೊಮ್ಮೆ ತಂದಿಡಲಾಗದ್ದು ಹಸಿ ಸೊಪ್ಪು. ನುಗ್ಗೆ, ಹರಿವೆ, ಬಸಳೆ, ಪಪಾಯಿಗಳು ಕೊಡುವ ಎ ಜೀವಸತ್ವದ ಅಂಶಗಳು ಅನ್ನ, ಬೇಳೆಯಿಂದ ಅಷ್ಟಾಗಿ ದೊರೆಯುವುದಿಲ್ಲ. ಕೈತೋಟದ ಕೆಲಸ ತಟ್ಟೆಯನ್ನು ತುಂಬುವುದಲ್ಲ, ತಟ್ಟೆಯಲ್ಲಿಲ್ಲದ್ದನ್ನು ಸೇರಿಸುವುದು.

ತೋಟಕ್ಕೆ ಒಲೆಯ ನಂಟು ಬೇಕೆಂಬುದನ್ನು ನೇಪಾಳದ ಅಧ್ಯಯನಗಳೂ ಸೂಚಿಸುತ್ತವೆ. ಶಾಲಾತೋಟ ಮತ್ತು ಪಾಠಗಳಿಂದ ಮಕ್ಕಳ ತಿಳಿವಳಿಕೆ, ತರಕಾರಿಯ ಮೇಲಿನ ಒಲವು ಹೆಚ್ಚಿದವು, ತಿನ್ನುವ ಪ್ರಮಾಣ ಮಾತ್ರ ಏರಲಿಲ್ಲ. ಮನೆಯಲ್ಲೂ ಕೈತೋಟ ಸೇರಿದಾಗ ಅದು ಏರಿತು. ಅಂದರೆ ಪಾಠ ಒಲವನ್ನು ಬೆಳೆಸಬಲ್ಲದು, ತುತ್ತು ಬರಬೇಕಾದದ್ದು ಒಲೆಯ ಮೇಲಿಂದ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೊಲದ ದುಡಿಮೆಯಿಂದ ಮಗುವನ್ನು ಬಿಡಿಸಲೆಂದೇ ಶಾಲೆಗೆ ಕಳಿಸಿದ ಕೂಲಿಕಾರ ತಂದೆತಾಯಿಗೆ ಅಲ್ಲೂ ಗುದ್ದಲಿ ಹಿಡಿಸುವುದು ಅವಮಾನವೆನಿಸಿದರೆ ತಪ್ಪೇನು? ಪಟ್ಟಣದ ಉಳ್ಳವರ ಮಕ್ಕಳಿಗೆ ಪುಸ್ತಕ, ಹಳ್ಳಿಯ ಬಡವರ ಮಕ್ಕಳಿಗೆ ಮಣ್ಣು ಎಂಬ ಅನುಮಾನ ಮೂಲಶಿಕ್ಷಣವನ್ನೂ ಬೆನ್ನಟ್ಟಿತ್ತು. ಅದನ್ನು ಅಲ್ಲಗಳೆಯಬಾರದು, ಏರ್ಪಾಟಿನಿಂದ ಉತ್ತರಿಸಬೇಕು. ಅಗೆತ, ಬೇಲಿ, ಬೇಸಿಗೆ ರಜೆಯ ನೀರುಣಿಕೆಗೆ ಸಂಬಳದ ಆಳು ಇರಲಿ. ಮಕ್ಕಳ ಪಾಲಿಗೆ ಬಿತ್ತುವ, ಅಳೆಯುವ, ಬರೆದಿಡುವ ಕೆಲಸ ಸಾಕು, ಅದೂ ಪಾಠದ ಅವಧಿಯಲ್ಲಿ, ಎಲ್ಲ ಜಾತಿಯ ಮಕ್ಕಳಿಗೂ ಸಮನಾಗಿ. ಇದಕ್ಕೆ ಹಣ ಬೇಕು. ಬೀಜದ ಪೊಟ್ಟಣ ಕೊಟ್ಟು ಉಳಿದದ್ದನ್ನು ಶಿಕ್ಷಕರ ಉತ್ಸಾಹಕ್ಕೆ ಬಿಟ್ಟರೆ ಹಳೆಯ ಸೋಲೇ ಮರುಕಳಿಸುತ್ತದೆ. ಎಷ್ಟು ಶಾಲೆಗಳಲ್ಲಿ ತೋಟವಿದೆ ಎಂಬ ಪಟ್ಟಿಗಿಂತ, ಆ ತೋಟದ ಸೊಪ್ಪು ವಾರಕ್ಕೆ ಎಷ್ಟು ದಿನ ಸಾಂಬಾರಿಗೆ ಬಿತ್ತು ಎಂಬ ಲೆಕ್ಕವನ್ನು ಸರ್ಕಾರ ಕೇಳತೊಡಗಬೇಕು.