ಪ್ರವಾಸ ಮಾಡದ ಭೂಪಟಕಾರ

ಭೂಶೋಧನೆಯ ಇತಿಹಾಸದಲ್ಲಿ ಕಡಲನ್ನು ದಾಟಿ ಹೊಸ ನಾಡುಗಳನ್ನು ಕಂಡವರ ವೃತ್ತಾಂತಗಳೇ ತುಂಬಿವೆ. ಆ ವೃತ್ತಾಂತಗಳನ್ನು ಮನೆಯಲ್ಲಿಯೇ ಕುಳಿತು ಓದಿ, ಒಂದರೊಡನೊಂದನ್ನು ತಾಳೆನೋಡಿ, ಕಂಡವರಿಗೇ ತಿಳಿಯದ ತಪ್ಪುಗಳನ್ನು ಹಿಡಿದವರಿಗೆ ಅದರಲ್ಲಿ ದೊರೆತಿರುವ ಸ್ಥಾನ ಅಲ್ಪ. ಇಂತಹವರಲ್ಲಿ ಅಗ್ರಗಣ್ಯನೆಂದು ನಾವು ಭಾವಿಸುವ ಫ್ರಾನ್ಸಿನ ಭೂಪಟಕಾರ ದಾನ್ವಿಲ್ಲನನ್ನು (1697–1782) ಕುರಿತು ಇಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ದಾನ್ವಿಲ್ಲನು ಪ್ಯಾರಿಸ್ ಪ್ರಾಂತವನ್ನು ಬಿಟ್ಟು ದೂರ ಹೋದವನಲ್ಲ. ತಾನು ಕೂಡಿಸಿದ್ದ ಸುಮಾರು 10,000 ನಕ್ಷೆಗಳ ನಡುವೆಯೇ ಆತನ ಲೋಕಸಂಚಾರವೆಲ್ಲ ನಡೆಯಿತು. ನಾವಿಕರ ದಿನಚರಿಗಳು, ಪಾದ್ರಿಗಳ ವರದಿಗಳು, ಪ್ರಾಚೀನ ಗ್ರಂಥಗಳು ಆತನ ಆಧಾರಗಳು. ಇವುಗಳಲ್ಲಿ ಒಂದೊಂದು ದೇಶದ ದೂರವೂ ಒಂದೊಂದು ಅಳತೆಯಲ್ಲಿದ್ದುದೇ ದೊಡ್ಡ ತೊಡಕು. ನಮ್ಮ ಹಳ್ಳಿಗಳಲ್ಲಿ ಹರದಾರಿಯ ಲೆಕ್ಕ ಕೇಳಿ ದಾರಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೋಮನರ ಮಾರ್ಗಸೂಚಿಗಳಲ್ಲಿ ಬರುವ ಮೈಲಿಗಳನ್ನು ಪರಿಶೀಲಿಸಿ, ಅಂದಿನ ನಕ್ಷೆಗಳು ತೋರಿಸುವುದಕ್ಕಿಂತ ಇಟಲಿಯು ಚಿಕ್ಕದೆಂದು 1740ರ ದಶಕದಲ್ಲಿ ಆತನು ಪ್ರತಿಪಾದಿಸಿದನು. ಇದು ಇಟಲಿಯ ನೆಲವನ್ನೇ ಮೆಟ್ಟದವನ ಮಾತು! ಆದರೂ ಮುಂದೆ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟನ ಅಪ್ಪಣೆಯಂತೆ ನಡೆದ ಮೋಜಣಿಯು ಈ ನಿರ್ಣಯವನ್ನೇ ಸಮರ್ಥಿಸಿತು.

1749ರ ಆಫ್ರಿಕಾ ಭೂಪಟವು ಇದಕ್ಕಿಂತಲೂ ಹೆಚ್ಚಿನ ಧೈರ್ಯದ ಕಾರ್ಯ. ಹಿಂದಿನವರು ತಮಗೆ ತಿಳಿಯದ ಒಳನಾಡನ್ನು ಆನೆಗಳ ಚಿತ್ರಗಳಿಂದಲೂ ಕಲ್ಪಿತ ಸರೋವರಗಳಿಂದಲೂ ತುಂಬುತ್ತಿದ್ದರು. ದಾನ್ವಿಲ್ಲನು ಅವುಗಳಲ್ಲಿ ಹಲವನ್ನು ಅಳಿಸಿ, ಆಧಾರವಿಲ್ಲದೆಡೆಯಲ್ಲಿ ಕಾಗದವನ್ನು ಬರಿದಾಗಿಯೇ ಬಿಟ್ಟನು. ಕೊಳ್ಳುವವರಿಗೆ ಬರಿಯ ಕಾಗದವನ್ನು ಮಾರುವುದು ಸುಲಭವಲ್ಲವಷ್ಟೆ. ಆ ಬಿಳಿಯ ಭಾಗವನ್ನು ಮುಂದೆ ಜನರಿಲ್ಲದ ನೆಲವೆಂದು ಓದಿದವರೂ ಉಂಟು. ಅದು ಅವರ ತಪ್ಪು, ಆತನದಲ್ಲ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗಾಗಿ 1752ರಲ್ಲಿ ರಚಿಸಿದ ಭಾರತದ ಭೂಪಟದಲ್ಲಿಯೂ ಆತನು ಇದೇ ನಿಯಮವನ್ನು ಪಾಲಿಸಿ, ತನ್ನ ಆಧಾರಗಳನ್ನು ಮರುವರ್ಷ ಪ್ರತ್ಯೇಕ ಗ್ರಂಥವೊಂದರಲ್ಲಿ ವಿವರಿಸಿದನು.

ಮನೆಯಲ್ಲಿ ಕುಳಿತು ದೂರದ ನಾಡುಗಳನ್ನು ಬರೆದವರೆಲ್ಲರಲ್ಲಿಯೂ ಈ ಸಂಯಮವಿರಲಿಲ್ಲ. ಜೇಮ್ಸ್ ಮಿಲ್ಲನು ಭಾರತಕ್ಕೆ ಬಂದವನಲ್ಲ, ಇಲ್ಲಿಯ ಭಾಷೆಗಳನ್ನು ಕಲಿತವನೂ ಅಲ್ಲ. ಆದರೂ 1817ರ ತನ್ನ ಬ್ರಿಟಿಷ್ ಇಂಡಿಯಾದ ಇತಿಹಾಸದ ಪೀಠಿಕೆಯಲ್ಲಿ, ಭಾರತದಲ್ಲಿ ಬಾಳೆಲ್ಲ ಕಳೆದವನಿಗಿಂತ ಇಂಗ್ಲೆಂಡಿನ ಕೊಠಡಿಯಲ್ಲಿ ಒಂದು ವರ್ಷ ಓದಿದವನೇ ಹೆಚ್ಚು ಬಲ್ಲನೆಂದು ವಾದಿಸಿದನು. ದಾನ್ವಿಲ್ಲನನ್ನು ಕಂಡರೆ ಈ ವಾದವು ಪೂರ್ತಿಯಾಗಿ ಸುಳ್ಳೆಂದು ನಾವು ಹೇಳಲಾರೆವು. ಆದರೆ ಮಿಲ್ಲನ ಗ್ರಂಥದಲ್ಲಿ ಬಿಳಿಯ ಭಾಗವೇ ಇಲ್ಲ. ಹಿಂದೂ, ಮುಸಲ್ಮಾನ, ಬ್ರಿಟಿಷ್ ಎಂಬ ಆತನ ಯುಗವಿಭಾಗವು ನಮ್ಮ ಪಠ್ಯಪುಸ್ತಕಗಳನ್ನು ಬಹುಕಾಲ ಆಳಿತು. ಕಲ್ಕತ್ತೆಯಲ್ಲಿ ಅನೇಕ ವರ್ಷಗಳಿದ್ದು ಸಂಸ್ಕೃತವನ್ನು ಬಲ್ಲವನಾಗಿದ್ದ ಎಚ್. ಎಚ್. ವಿಲ್ಸನ್ 1840ರ ದಶಕದಲ್ಲಿ ಆ ಗ್ರಂಥವನ್ನು ಪುನಃ ಸಂಪಾದಿಸಿದಾಗ, ಮಿಲ್ಲನ ಮಾತುಗಳನ್ನು ಹಾಗೆಯೇ ಉಳಿಸಿ, ತನ್ನ ಆಕ್ಷೇಪಗಳನ್ನು ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಗಳಲ್ಲಿ ಅಚ್ಚು ಹಾಕಿಸಿದನು.