ನೆಲ ಒರೆಸುವ ರೋಬೋಟ್: ಬೆಲೆ ನೋಡುವ ಮೊದಲು ಹೊಸ್ತಿಲು ಅಳೆಯಿರಿ

ನಂಜನಗೂಡು/ತಿ.ನರಸೀಪುರ: ಬೆಂಗಳೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಊರಿನಲ್ಲಿರುವ ತಂದೆ-ತಾಯಿಗೆ ಕೊಡಿಸಬಯಸುವ ವಸ್ತುಗಳ ಸಾಲಿಗೆ ಈಗ ನೆಲ ಒರೆಸುವ ರೋಬೋಟ್ ಕೂಡ ಸೇರಿದೆ. ಮೊಣಕಾಲು ನೋವಿನ ತಾಯಿ ಬಗ್ಗಿ ನೆಲ ಒರೆಸುವುದು ತಪ್ಪಲಿ ಎಂಬ ಕಾಳಜಿಯೇ ಇದಕ್ಕೆ ಕಾರಣ. ಆದರೆ ಮಿಕ್ಸಿ ಅಥವಾ ಫ್ರಿಜ್‌ನಂತೆ ಇದು ಎಲ್ಲ ಮನೆಗೂ ಹೊಂದುವ ಯಂತ್ರವಲ್ಲ. ಮನೆಯ ನೆಲ, ಹೊಸ್ತಿಲು ಹಾಗೂ ನೀರಿನ ಗುಣಗಳನ್ನು ಅರಿಯದೆ ಕೊಂಡರೆ 20-30 ಸಾವಿರ ರೂಪಾಯಿಯ ಉಪಕರಣ ಮಂಚದ ಕೆಳಗೆ ದೂಳು ಹಿಡಿಯುವ ಸಾಧ್ಯತೆಯೇ ಹೆಚ್ಚು.

ಕಪಿಲೆಯ ದಡದ ನಂಜನಗೂಡು ಹಾಗೂ ಕಾವೇರಿ-ಕಪಿಲೆ ಸಂಗಮದ ತಿ.ನರಸೀಪುರ ಈ ವಿಷಯದಲ್ಲಿ ಒಳ್ಳೆಯ ಉದಾಹರಣೆಗಳು. ಎರಡೂ ಕಡೆ ದೇವಾಲಯದ ಸುತ್ತಲಿನ ಹಳೆಯ ಬೀದಿಗಳ ಮನೆಗಳು ಒಂದು ಬಗೆಯವು. ಹೊಸ ಬಡಾವಣೆಗಳ ಟೈಲ್ಸ್ ಹಾಸಿದ ಮನೆಗಳು ಇನ್ನೊಂದು ಬಗೆಯವು. ಒಂದೇ ಊರಿನ ಈ ಎರಡು ಮನೆಗಳಿಗೆ ಒಂದೇ ಯಂತ್ರವನ್ನು ಸೂಚಿಸಲಾಗದು.

ಕಸ ಗುಡಿಸುವುದರಿಂದ ಒರೆಸುವವರೆಗೆ

ಮನೆ ಸ್ವಚ್ಛಗೊಳಿಸುವ ರೋಬೋಟ್ ಮೊದಲು ಮಾರುಕಟ್ಟೆಗೆ ಬಂದಿದ್ದು 2001ರಲ್ಲಿ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯ ‘ಟ್ರೈಲೋಬೈಟ್’ ಆ ಶ್ರೇಯ ಪಡೆಯಿತು. 2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿ ‘ರೂಂಬಾ’ ಬಿಡುಗಡೆ ಮಾಡಿತು. ಇವೆರಡೂ ದೂಳು ಹೀರುವ ಯಂತ್ರಗಳು. ನೆಲ ತೊಳೆಯುವ ‘ಸ್ಕೂಬಾ’ ಬಂದಿದ್ದು 2005ರಲ್ಲಿ. ಭಾರತದಲ್ಲಿ ಮಿಲಾಗ್ರೋ ಮುಂತಾದ ಕಂಪನಿಗಳು ಮೊದಲೇ ಈ ಕ್ಷೇತ್ರದಲ್ಲಿದ್ದವು. 2020ರಲ್ಲಿ ಶಿಯೋಮಿ ಕಂಪನಿಯು ಗುಡಿಸುವ-ಒರೆಸುವ ಎರಡೂ ಕೆಲಸದ ರೋಬೋಟನ್ನು 17,999 ರೂಪಾಯಿಯ ಆರಂಭಿಕ ಬೆಲೆಗೆ ನೀಡಿದ ಬಳಿಕ ಮಧ್ಯಮ ವರ್ಗದ ಗಮನವೂ ಇತ್ತ ಹರಿಯಿತು.

ಪಾಶ್ಚಾತ್ಯ ದೇಶಗಳಲ್ಲಿ ರತ್ನಗಂಬಳಿಯ ದೂಳು ತೆಗೆಯುವುದೇ ಮುಖ್ಯ ಅಗತ್ಯವಾಗಿತ್ತು. ನಮ್ಮಲ್ಲಿ ಕಲ್ಲು, ಗಾರೆ, ಟೈಲ್ಸ್ ನೆಲವೇ ಹೆಚ್ಚು. ದಿನವೂ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸುವುದು ರೂಢಿ. ಆದ್ದರಿಂದ ಇಲ್ಲಿ ಖರೀದಿದಾರರು ಮೊದಲು ಗಮನಿಸಬೇಕಾದುದು ಹೀರುವ ಶಕ್ತಿಯನ್ನಲ್ಲ, ಒರೆಸುವ ವಿಧಾನವನ್ನು.

ಹೊಸ್ತಿಲೇ ಗಡಿ

ಸಾಮಾನ್ಯ ರೋಬೋಟ್ ಮಾಪ್ ಸುಮಾರು 2 ಸೆಂಟಿಮೀಟರ್ ಎತ್ತರದ ಅಡ್ಡಪಟ್ಟಿಯನ್ನಷ್ಟೇ ದಾಟಬಲ್ಲದು. ಇನ್ನೂ ಎತ್ತರ ಏರುವ ದುಬಾರಿ ಮಾದರಿಗಳು ಈಚೆಗೆ ಬಂದಿವೆಯಾದರೂ ಹಳೆಯ ಮನೆಗಳ ಮರದ ಹೊಸ್ತಿಲಿನ ಮುಂದೆ ಅವೂ ಸೋಲುತ್ತವೆ. ಅರಿಶಿನ-ಕುಂಕುಮ ಹಚ್ಚಿ ಪೂಜಿಸುವ ಹೊಸ್ತಿಲನ್ನು ಯಂತ್ರಕ್ಕಾಗಿ ತೆಗೆಸುವವರಿಲ್ಲ. ತೊಟ್ಟಿ ಮನೆಗಳಲ್ಲಂತೂ ಜಗುಲಿ, ಪಡಸಾಲೆ, ತೊಟ್ಟಿ, ಅಡುಗೆಮನೆ ಎಲ್ಲವೂ ಬೇರೆ ಬೇರೆ ಮಟ್ಟದಲ್ಲಿರುತ್ತವೆ. ಇಂಥ ಮನೆಯಲ್ಲಿ ಯಂತ್ರವನ್ನು ಕೋಣೆಯಿಂದ ಕೋಣೆಗೆ ಎತ್ತಿಡಬೇಕಾಗುತ್ತದೆ. ಮೂರ್ನಾಲ್ಕು ಕಿಲೋ ತೂಗುವ ಯಂತ್ರವನ್ನು ದಿನವೂ ಬಗ್ಗಿ ಎತ್ತುವುದಾದರೆ ಮೊಣಕಾಲಿಗೆ ಸಿಕ್ಕ ಲಾಭವೇನು ಎಂಬ ಪ್ರಶ್ನೆ ಸಹಜ.

ಹೊಸ ಮನೆಗಳಲ್ಲಿ ಹೊಸ್ತಿಲು ಮುಂಬಾಗಿಲು ಹಾಗೂ ದೇವರ ಕೋಣೆಗೆ ಸೀಮಿತವಾಗಿರುವುದು ಸಾಮಾನ್ಯ. ಹಾಲ್, ಊಟದ ಕೋಣೆ, ಮಲಗುವ ಕೋಣೆಗಳು ಒಂದೇ ಮಟ್ಟದಲ್ಲಿದ್ದರೆ ರೋಬೋಟ್ ನಿಜಕ್ಕೂ ಉಪಯುಕ್ತ.

ಕಪ್ಪು ಕಲ್ಲನ್ನು ಕಂಡು ಹಿಂಜರಿಕೆ

ಮೆಟ್ಟಿಲಿನಿಂದ ಉರುಳದಂತೆ ಯಂತ್ರದ ಅಡಿಯಲ್ಲಿ ಅತಿಗೆಂಪು ಕಿರಣದ ಸಂವೇದಕಗಳಿರುತ್ತವೆ. ಅವು ಹೊರಸೂಸುವ ಕಿರಣ ನೆಲಕ್ಕೆ ಬಡಿದು ಮರಳಿದರೆ ಮುಂದೆ ನೆಲವಿದೆ ಎಂದರ್ಥ. ಮರಳದಿದ್ದರೆ ಹಳ್ಳವಿದೆ ಎಂದು ಯಂತ್ರ ಹಿಂದೆ ಸರಿಯುತ್ತದೆ. ಕಪ್ಪು ಮೇಲ್ಮೈ ಈ ಕಿರಣವನ್ನು ಹೀರಿಕೊಳ್ಳುವುದರಿಂದ ಕೆಲವು ಮಾದರಿಗಳು ಸಮತಟ್ಟಾದ ಕಪ್ಪು ನೆಲವನ್ನೂ ಹಳ್ಳವೆಂದು ಭ್ರಮಿಸುತ್ತವೆ.

ಪಕ್ಕದ ಚಾಮರಾಜನಗರ ಜಿಲ್ಲೆ ಕಪ್ಪು ಗ್ರಾನೈಟ್‌ಗೆ ಹೆಸರುವಾಸಿ. ಈ ಭಾಗದ ಮನೆಗಳಲ್ಲಿ ಬಾಗಿಲ ಪಟ್ಟಿಗೆ, ಟೈಲ್ಸ್‌ನ ಅಂಚಿಗೆ, ಕೆಲವೆಡೆ ಇಡೀ ಹಾಲ್‌ಗೆ ಕಪ್ಪು ಗ್ರಾನೈಟ್ ಅಥವಾ ಕಡಪ ಕಲ್ಲು ಬಳಸುವುದುಂಟು. ಬಿಳಿ ಟೈಲ್ಸ್ ನಡುವಿನ ಒಂದು ಕಪ್ಪು ಪಟ್ಟಿ ಸಾಕು, ಯಂತ್ರ ಆಚೆ ಹೋಗದೆ ಅರ್ಧ ಮನೆಯನ್ನು ಬಿಟ್ಟುಬಿಡಬಹುದು. ಸಂವೇದಕದ ಮೇಲೆ ಬಿಳಿ ಕಾಗದ ಅಂಟಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಆಗ ನಿಜವಾದ ಮೆಟ್ಟಿಲೂ ಯಂತ್ರಕ್ಕೆ ಕಾಣಿಸದು. ಮೆಟ್ಟಿಲಿರುವ ಮನೆಯಲ್ಲಿ ಇದು ಅಪಾಯಕರ. ಕಪ್ಪು ನೆಲದವರು ಮನೆಯಲ್ಲೇ ಪ್ರಾತ್ಯಕ್ಷಿಕೆ ಕೇಳುವುದು ಅಥವಾ ಹಿಂದಿರುಗಿಸುವ ಅವಕಾಶವಿರುವಲ್ಲಿ ಮಾತ್ರ ಕೊಳ್ಳುವುದು ಲೇಸು.

ನೆಲ ಯಾವುದು?

ವಿಟ್ರಿಫೈಡ್ ಟೈಲ್ಸ್ ಹಾಗೂ ನಯಗೊಳಿಸಿದ ಗ್ರಾನೈಟ್ ಈ ಯಂತ್ರಕ್ಕೆ ಅತ್ಯಂತ ಅನುಕೂಲಕರ. ಮೊಸಾಯಿಕ್ ನೆಲವೂ ಹೊಂದುತ್ತದೆ. ಕೆಂಪು ಗಾರೆ ನೆಲದ ಹೊಳಪು ದಶಕಗಳ ಒರೆಸುವಿಕೆಯಿಂದ ಬಂದದ್ದು. ಹಿಂಡಿದ ಬಟ್ಟೆಯಷ್ಟು ತೇವ ಅದಕ್ಕೆ ಸಾಕು. ನೀರು ನಿಲ್ಲುವಂತಾಗಬಾರದು, ಆಮ್ಲಯುಕ್ತ ದ್ರಾವಣ ತಾಗಬಾರದು. ಬಿರುಕು ಬಿಟ್ಟ ಗಾರೆಯಲ್ಲಿ ಬಟ್ಟೆ ತಳಕ್ಕೆ ತಾಗದೆ ಕೊಳೆ ಉಳಿಯುತ್ತದೆ. ಒರಟು ಕಲ್ಲು ಚಪ್ಪಡಿಯ ನೆಲಕ್ಕೆ ರೋಬೋಟ್ ಸೂಕ್ತವಲ್ಲ. ಉದ್ದ ಹಿಡಿಯ ಮಾಪ್ ಅಥವಾ ಕೈಬಟ್ಟೆಯೇ ಮೇಲು.

ಒರೆಸುವ ನಾಲ್ಕು ಬಗೆ

ಮೊದಲನೆಯದು, ಯಂತ್ರದ ಹಿಂದೆ ಒದ್ದೆ ಬಟ್ಟೆಯನ್ನು ಎಳೆದೊಯ್ಯುವ ಮಾದರಿ. ಬೆಲೆ ಕಡಿಮೆ, ತೆಳು ದೂಳಿಗೆ ಸಾಕು, ಒಣಗಿದ ಕಾಫಿ ಅಥವಾ ಸಾರಿನ ಕಲೆಗೆ ಸಾಲದು. ಎರಡನೆಯದು, ಬಟ್ಟೆಯನ್ನು ವೇಗವಾಗಿ ಕಂಪಿಸಿ ಉಜ್ಜುವ ಮಾದರಿ. ಮೂರನೆಯದು, ಎರಡು ದುಂಡು ಬಟ್ಟೆಗಳು ತಿರುಗುತ್ತ ನೆಲವನ್ನು ಒತ್ತಿ ಉಜ್ಜುವಂಥದ್ದು. ನಾಲ್ಕನೆಯದು, ಉರುಳೆಯಾಕಾರದ ಬಟ್ಟೆ ತಿರುಗುತ್ತ ತನ್ನನ್ನು ತಾನೇ ತೊಳೆದುಕೊಳ್ಳುವ ಹೊಸ ಮಾದರಿ. ಕೊನೆಯ ಎರಡು ಬಗೆಗಳು ಕೈಯಿಂದ ಒರೆಸಿದ ಫಲಿತಾಂಶಕ್ಕೆ ಹೆಚ್ಚು ಹತ್ತಿರ.

ಇಲ್ಲೊಂದು ಸೂಕ್ಷ್ಮವಿದೆ. ಕೈಯಿಂದ ಒರೆಸುವವರು ಬಟ್ಟೆಯನ್ನು ಮತ್ತೆ ಮತ್ತೆ ಬಕೆಟ್‌ನಲ್ಲಿ ಜಾಲಿಸಿ ಹಿಂಡುತ್ತಾರೆ. ಅಗ್ಗದ ರೋಬೋಟ್ ಒಂದೇ ಬಟ್ಟೆಯಲ್ಲಿ ಇಡೀ ಮನೆ ಸುತ್ತುತ್ತದೆ. ಮೊದಲ ಕೋಣೆಯ ಕೊಳೆ ಕೊನೆಯ ಕೋಣೆಗೂ ಹರಡುತ್ತದೆ. ಬಟ್ಟೆಯನ್ನು ನಡುವೆ ತೊಳೆಯುವ ತಂಗುದಾಣವಿರುವ ಮಾದರಿಗಳು ಈ ದೋಷವನ್ನು ನಿವಾರಿಸುತ್ತವೆ, ಆದರೆ ಬೆಲೆ ಹೆಚ್ಚು. ಅಲ್ಲದೆ ಕೊಳಕು ನೀರಿನ ತೊಟ್ಟಿಯನ್ನು ಆಗಾಗ ಚೆಲ್ಲಿ ತೊಳೆಯದಿದ್ದರೆ ದುರ್ವಾಸನೆ ಬರುವುದು ಖಚಿತ.

ದಾರಿ ಕಾಣುವ ಬಗೆ

ಅಗ್ಗದ ಯಂತ್ರಗಳು ಗೈರೋಸ್ಕೋಪ್ ನೆರವಿನಿಂದ ಅಂದಾಜಿನ ಮೇಲೆ ಸಾಗುತ್ತವೆ. ಲೇಸರ್ ಆಧಾರಿತ ಲೈಡಾರ್ ಇರುವ ಯಂತ್ರ ಮನೆಯ ನಕ್ಷೆಯನ್ನು ರಚಿಸಿಕೊಂಡು ಸಾಲುಸಾಲಾಗಿ ಒರೆಸುತ್ತದೆ. ಕತ್ತಲಲ್ಲೂ ಕೆಲಸ ಮಾಡುತ್ತದೆ. ದೇವರ ಕೋಣೆಯ ಮುಂದಿನ ರಂಗೋಲಿ ಅಥವಾ ನೆಲಹಾಸಿನ ಜಾಗಕ್ಕೆ ಹೋಗದಂತೆ ಮೊಬೈಲ್‌ನಲ್ಲೇ ಗೆರೆ ಎಳೆಯಬಹುದು.

ಕ್ಯಾಮೆರಾ ಇರುವ ಮಾದರಿಗಳು ಚಪ್ಪಲಿ, ವೈರ್‌ಗಳನ್ನು ಗುರುತಿಸಿ ತಪ್ಪಿಸುತ್ತವೆ. ಆದರೆ 2024ರಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ಇಂಥ ಯಂತ್ರಗಳನ್ನು ಹ್ಯಾಕರ್‌ಗಳು ವಶಪಡಿಸಿಕೊಂಡು ಅವುಗಳ ಧ್ವನಿವರ್ಧಕದಿಂದ ನಿಂದನೆ ಕೂಗಿಸಿದ್ದು ವರದಿಯಾಗಿತ್ತು. ಮನೆಯೊಳಗೆ ಕ್ಯಾಮೆರಾ ಓಡಾಡುವುದು ಬೇಡವೆನ್ನುವವರಿಗೆ ಲೈಡಾರ್ ಮಾತ್ರವಿರುವ ಮಾದರಿ ಸಾಕು.

ಊರಿನಲ್ಲಿ ಹಿರಿಯರಷ್ಟೇ ಇರುವ ಮನೆಯಾದರೆ ಮೊಬೈಲ್ ಇಲ್ಲದೆ ಗುಂಡಿ ಒತ್ತಿದೊಡನೆ ಕೆಲಸ ಆರಂಭಿಸುವ ಯಂತ್ರವೇ ಬೇಕು. ವಿದ್ಯುತ್ ಹೋದರೆ ವೈ-ಫೈ ಇರದು, ಆದರೆ ಬ್ಯಾಟರಿಯಲ್ಲಿ ಯಂತ್ರ ಓಡಬಲ್ಲದು. ಹಲವು ಮಾದರಿಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸಂಪರ್ಕ ಹೊಂದುತ್ತವೆ ಎಂಬುದೂ ನೆನಪಿರಲಿ.

ನೀರು ಮತ್ತು ಫಿನಾಯಿಲ್

ಗಡುಸು ನೀರಿನಲ್ಲಿ ಕರಗಿರುವ ಸುಣ್ಣದಂಶ ಯಂತ್ರದ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಬೋರ್‌ವೆಲ್ ನೀರು ಬಳಸುವವರು ಪಾತ್ರೆಯ ಮೇಲೆ ಬಿಳಿ ಕಲೆ ಕಟ್ಟುವುದನ್ನು ಕಂಡಿದ್ದರೆ ಯಂತ್ರಕ್ಕೆ ಶುದ್ಧೀಕರಿಸಿದ ನೀರು ಹಾಕುವುದು ಒಳಿತು. ತೊಟ್ಟಿ ಹಿಡಿಯುವುದು ಸಾಮಾನ್ಯವಾಗಿ 200-300 ಮಿಲಿಲೀಟರ್ ಮಾತ್ರ. ಫಿನಾಯಿಲ್, ಬ್ಲೀಚ್, ಆ್ಯಸಿಡ್ ಹಾಕಬಾರದು. ರಬ್ಬರ್ ಹಾಗೂ ಪಂಪ್ ಹಾಳಾಗುತ್ತವೆ, ವಾರಂಟಿಯೂ ತಪ್ಪಬಹುದು.

ಸುಗ್ಗಿ, ನೆರೆ, ಹಬ್ಬ

ತಿ.ನರಸೀಪುರ ಸುತ್ತಲಿನದು ಭತ್ತದ ಸೀಮೆ. ಕೊಯ್ಲಿನ ಕಾಲದಲ್ಲಿ ಹೊಟ್ಟು, ದೂಳು ಮನೆಯೊಳಕ್ಕೆ ಬರುತ್ತದೆ. ಗುಡಿಸದೆ ನೇರವಾಗಿ ಒದ್ದೆ ಬಟ್ಟೆ ಹಾಯಿಸಿದರೆ ದೂಳು ಕೆಸರಾಗಿ ಮೆತ್ತಿಕೊಳ್ಳುತ್ತದೆ. ಮೊದಲು ಹೀರಿ ನಂತರ ಒರೆಸುವ ಯಂತ್ರ ಇಲ್ಲವೇ ಒಮ್ಮೆ ಕಸಪೊರಕೆ ಅನಿವಾರ್ಯ.

ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಉಕ್ಕುವುದು ನಂಜನಗೂಡಿಗೆ ಹೊಸತಲ್ಲ. 2018 ಹಾಗೂ 2019ರ ಆಗಸ್ಟ್ ತಿಂಗಳಲ್ಲಿ ನದಿತೀರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ನೆರೆ ಇಳಿದ ಮನೆಯ ಹೂಳಿಗೆ ಸಲಿಕೆ, ಬಕೆಟ್, ಪೊರಕೆಗಳೇ ಬೇಕು. ರೋಬೋಟ್ ಬಳಸಿದರೆ ಮೋಟಾರ್ ಸುಡುತ್ತದೆ. ನೀರು ಏರುವ ಸೂಚನೆ ಸಿಕ್ಕೊಡನೆ ತಂಗುದಾಣದ ಪ್ಲಗ್ ತೆಗೆದು ಯಂತ್ರವನ್ನು ಎತ್ತರದಲ್ಲಿರಿಸಬೇಕು. ನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು, ಬೆಂಕಿಯ ಅಪಾಯವಿದೆ.

ಹಬ್ಬದ ದಿನ ನೆಲದ ಮೇಲೆ ದೀಪವಿಟ್ಟಿದ್ದರೆ ಯಂತ್ರದ ನಿಗದಿತ ಸಮಯವನ್ನು ರದ್ದು ಮಾಡುವುದನ್ನು ಮರೆಯಬಾರದು. ಚೆಲ್ಲಿದ ಎಣ್ಣೆಯನ್ನು ಕೈಯಿಂದಲೇ ಒರೆಸಬೇಕು. ಇಲ್ಲವಾದರೆ ಯಂತ್ರ ಅದನ್ನು ಮನೆಯಿಡೀ ಹರಡಿ ನೆಲ ಜಾರುವಂತೆ ಮಾಡುತ್ತದೆ.

ಹಿರಿಯರಿದ್ದರೆ

ರೋಬೋಟ್ ಬಿಡುವ ತೇವ ತೆಳುವಾಗಿರುವುದರಿಂದ ಬೇಗ ಆರುತ್ತದೆ. ಬಕೆಟ್ ನೀರಿನ ಒರೆಸುವಿಕೆಗಿಂತ ಜಾರುವ ಅವಧಿ ಕಡಿಮೆ. ಆದರೆ ಕಾಲಡಿಯಲ್ಲಿ ಸರಿದಾಡುವ ಯಂತ್ರವೇ ಎಡವಲು ಕಾರಣವಾಗಬಹುದು. ದೃಷ್ಟಿ ಮಂದವಿರುವವರು ಓಡಾಡುವ ಹೊತ್ತು ತಪ್ಪಿಸಿ ಸಮಯ ನಿಗದಿಪಡಿಸಬೇಕು.

ಮನೆಗೆಲಸಕ್ಕೆ ಬರುವ ಮಹಿಳೆಯನ್ನು ಬಿಡಿಸಿ ಯಂತ್ರ ತರುವ ಆಲೋಚನೆಯಿದ್ದರೆ ಮತ್ತೊಮ್ಮೆ ಯೋಚಿಸುವುದು ಸೂಕ್ತ. ಜಗುಲಿ, ಮೆಟ್ಟಿಲು, ಬಚ್ಚಲು, ಮೂಲೆ, ಕಿಟಕಿ ಇವಾವುವೂ ರೋಬೋಟ್‌ನ ಪಾಲಿಗೆ ಬರುವುದಿಲ್ಲ. ಒಂಟಿಯಾಗಿರುವ ಹಿರಿಯರ ಮನೆಗೆ ದಿನಕ್ಕೊಮ್ಮೆ ಬಂದು ಕ್ಷೇಮ ವಿಚಾರಿಸುವ ವ್ಯಕ್ತಿ ಆಕೆಯೊಬ್ಬಳೇ ಆಗಿರಬಹುದು. ಆ ಕೆಲಸ ಯಾವ ಯಂತ್ರದಿಂದಲೂ ಆಗದು.

ಬೆಲೆ, ದುರಸ್ತಿ, ದೂರು

ಬಟ್ಟೆ ಎಳೆಯುವ ಸರಳ ಮಾದರಿಗಳು ಸುಮಾರು 10ರಿಂದ 20 ಸಾವಿರ ರೂಪಾಯಿ, ಲೈಡಾರ್ ಇರುವವು 20ರಿಂದ 35 ಸಾವಿರ, ಬಟ್ಟೆ ತೊಳೆಯುವ ತಂಗುದಾಣವಿರುವವು ಅದಕ್ಕೂ ಹೆಚ್ಚು. ಮೇಲಿನ ವರ್ಗದಲ್ಲಿ ಲಕ್ಷ ದಾಟುವವೂ ಇವೆ. ಬಟ್ಟೆ, ಬ್ರಷ್, ಫಿಲ್ಟರ್‌ಗಳ ವೆಚ್ಚ ಪ್ರತ್ಯೇಕ. ಬ್ಯಾಟರಿಯನ್ನೂ ಕೆಲವು ವರ್ಷಗಳ ಬಳಿಕ ಬದಲಿಸಬೇಕಾಗುತ್ತದೆ. ಕಂಪನಿಯ ಸೇವಾ ಕೇಂದ್ರ ಮೈಸೂರಿನಲ್ಲಿದೆಯೇ, ತಂತ್ರಜ್ಞರು ತಾಲ್ಲೂಕು ಕೇಂದ್ರದ ಮನೆಗೆ ಬರುತ್ತಾರೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು.

ದೋಷವಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನ್‌ಲೈನ್‌ನಲ್ಲಿ ಕೊಂಡ ವಸ್ತುವಿನ ಬಗೆಗೂ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಬಿಲ್ ಮತ್ತು ವಾರಂಟಿ ಪತ್ರವನ್ನು ಜೋಪಾನವಾಗಿಡಬೇಕು.

ಖರೀದಿಗೆ ಮುನ್ನ

* ಕೋಣೆಗಳ ನಡುವಿನ ಅಡ್ಡಪಟ್ಟಿ 2 ಸೆಂ.ಮೀ. ಮೀರಿದೆಯೇ? ಅಳೆದು ನೋಡಿ.
* ಮಂಚ, ಸೋಫಾಗಳ ಕೆಳಗೆ ಕನಿಷ್ಠ 10 ಸೆಂ.ಮೀ. ತೆರವಿದೆಯೇ?
* ನೆಲದಲ್ಲಿ ಕಪ್ಪು ಕಲ್ಲು ಅಥವಾ ಕಪ್ಪು ಪಟ್ಟಿ ಇದೆಯೇ?
* ನೀರಿನ ಪ್ರಮಾಣ ಹೆಚ್ಚು-ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪಂಪ್ ಇದೆಯೇ?
* ಮೊಬೈಲ್ ಇಲ್ಲದೆಯೂ ಚಾಲೂ ಆಗುವುದೇ?
* ಬಟ್ಟೆ, ಬ್ಯಾಟರಿ ಪ್ರತ್ಯೇಕವಾಗಿ ದೊರೆಯುತ್ತವೆಯೇ?

ಮೊದಲ ಮೂರು ಪ್ರಶ್ನೆಗಳಿಗೆ ಅನುಕೂಲ ಉತ್ತರ ಸಿಗದ ಮನೆಗೆ ಒಂದೆರಡು ಸಾವಿರ ರೂಪಾಯಿಯೊಳಗೆ ದೊರೆಯುವ, ನಿಂತೇ ಒರೆಸಬಹುದಾದ ಸ್ಪಿನ್ ಮಾಪ್ ಸಾಕು. ಬಗ್ಗುವ ಕಷ್ಟವನ್ನು ಅದೂ ತಪ್ಪಿಸುತ್ತದೆ. ಹೊಸ್ತಿಲಿಲ್ಲದ, ತಿಳಿ ಬಣ್ಣದ ಟೈಲ್ಸ್ ಮನೆಯವರು ಲೈಡಾರ್ ಹಾಗೂ ತಿರುಗುವ ಬಟ್ಟೆಯಿರುವ ಮಧ್ಯಮ ಬೆಲೆಯ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು.